ಬಾಡಿಗೆಗೆ ಕೊಟ್ಟ ಕಟ್ಟಡಕ್ಕೆ ವಿಮೆ: ಮಾಲೀಕರ ಹೊಣೆಯೇನು?

ನಮ್ಮ ಭಾಗದ ವರ್ತಕರಲ್ಲಿ ಒಂದು ಹಳೆಯ ರೂಢಿಯಿದೆ. ವ್ಯಾಪಾರದಲ್ಲಿ ನಾಲ್ಕು ಕಾಸು ಉಳಿದರೆ ಅದನ್ನು ಮೊದಲು ಹೊಲಕ್ಕೆ, ಅನಂತರ ಬಂಗಾರಕ್ಕೆ, ಅದಾದ ಮೇಲೆ ಕಟ್ಟಡಕ್ಕೆ ಹಾಕುತ್ತೇವೆ. ಹಳಿಯಾಳ, ದಾಂಡೇಲಿ, ಮುಂಡಗೋಡ, ಜೋಯಿಡಾ ತಾಲ್ಲೂಕುಗಳ ಯಾವ ಪೇಟೆಗೆ ಹೋದರೂ ರಸ್ತೆಗೆ ಹೊಂದಿಕೊಂಡ ಮಳಿಗೆಗಳ ಸಾಲೊಂದು, ಹಿಂಬದಿಯಲ್ಲಿ ಒಂದು ಗೋದಾಮು, ಮೇಲೆ ಬಾಡಿಗೆಗೆ ಕೊಡಲೆಂದು ಕಟ್ಟಿದ ಎರಡು ಕೋಣೆಗಳು ಕಣ್ಣಿಗೆ ಬೀಳುತ್ತವೆ. ಇವುಗಳಲ್ಲಿ ಹೆಚ್ಚಿನವುಗಳ ಒಡೆಯರು ನಮ್ಮಂತಹ ಸಣ್ಣ ವ್ಯಾಪಾರಸ್ಥರೇ. ಅಂಗಡಿಯೊಳಗಿನ ಸರಕಿಗೆ ವಿಮೆ ಮಾಡಿಸಲು ಬ್ಯಾಂಕು ಒತ್ತಾಯಿಸುತ್ತದೆ, ಲಾರಿಗೆ ವಿಮೆ ಮಾಡಿಸಲು ಕಾನೂನು ಒತ್ತಾಯಿಸುತ್ತದೆ. ಆದರೆ ಸಾಲವಿಲ್ಲದೆ ಕಟ್ಟಿ ಬಾಡಿಗೆಗೆ ಕೊಟ್ಟ ಕಟ್ಟಡಕ್ಕೆ ವಿಮೆ ಮಾಡಿಸಿರೆಂದು ಹೇಳುವವರು ಯಾರೂ ಇಲ್ಲ. ಹೀಗಾಗಿ ಜೀವಮಾನದ ಉಳಿತಾಯವೆಲ್ಲ ಯಾವ ರಕ್ಷಣೆಯೂ ಇಲ್ಲದೆ, ಇನ್ನೊಬ್ಬರ ಕೈಯಲ್ಲಿ, ನಮ್ಮ ಕಣ್ಣಿಗೆ ಮರೆಯಾಗಿ ನಿಂತಿರುತ್ತದೆ.

ವಿಮೆ ಮಾಡಿಸಿದವರ ಸ್ಥಿತಿಯೂ ಎಲ್ಲ ಸಂದರ್ಭಗಳಲ್ಲಿ ಸುರಕ್ಷಿತವಲ್ಲ ಎಂಬುದನ್ನು ನಾನು ಸ್ವಂತ ಅನುಭವದಿಂದ ಕಲಿತಿದ್ದೇನೆ. ಆ ಅನುಭವವನ್ನು ಸದಸ್ಯ ಬಾಂಧವರ ಮುಂದಿಡುವುದೇ ಈ ಲೇಖನದ ಉದ್ದೇಶ.

ಸಾಂಬ್ರಾಣಿಯ ಗೋದಾಮು

ಸಾಂಬ್ರಾಣಿಯು ಹಳಿಯಾಳ ತಾಲ್ಲೂಕಿನ ಹೋಬಳಿ ಕೇಂದ್ರ. ಹಳಿಯಾಳದಿಂದ ಯಲ್ಲಾಪುರದತ್ತ ಸಾಗುವವರಿಗೆ ಪರಿಚಿತವಾದ ಊರು. ಒಂದು ಬದಿಗೆ ಭತ್ತ, ಗೋವಿನಜೋಳ, ಕಬ್ಬು, ಹತ್ತಿಯ ಹೊಲಗಳು. ಇನ್ನೊಂದು ಬದಿಗೆ ಅರಣ್ಯ. ಇಲ್ಲಿ ನನ್ನ ತಂದೆಯವರು ಕಟ್ಟಿಸಿದ ಮೂರು ಮಳಿಗೆಗಳೂ ಹಿಂಬದಿಗೆ ಮಂಗಳೂರು ಹಂಚಿನ ಒಂದು ಗೋದಾಮೂ ಇವೆ. ಹದಿನೈದು ವರ್ಷಗಳ ಕಾಲ ಅವೆಲ್ಲವೂ ಒಬ್ಬರೇ ಕಿರಾಣಿ ವ್ಯಾಪಾರಿಯ ಬಾಡಿಗೆಯಲ್ಲಿದ್ದವು. ಅವರು ಸಜ್ಜನರು. ತಿಂಗಳ ಮೊದಲ ವಾರದಲ್ಲಿ ಬಾಡಿಗೆ ತಾವಾಗಿಯೇ ಕಳುಹಿಸುತ್ತಿದ್ದರು. ಮೊದಲ ವರ್ಷ ಹನ್ನೊಂದು ತಿಂಗಳ ಕರಾರು ಪತ್ರ ಬರೆದುಕೊಂಡಿದ್ದೆವು. ಅದರ ಅವಧಿ ಮುಗಿದ ಮೇಲೆ ಮತ್ತೆ ಬರೆಯಬೇಕೆಂದು ಅವರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ. ಮಾತಿನ ಮೇಲೆ ನಡೆದ ವ್ಯವಹಾರ.

ಕಟ್ಟಡಕ್ಕೆ ಬೆಂಕಿ ವಿಮೆಯನ್ನು ನಾನು 2009ರಲ್ಲಿ ಮಾಡಿಸಿದ್ದೆ. ಅರ್ಜಿಯಲ್ಲಿ ‘ಕಿರಾಣಿ ಮಳಿಗೆ ಮತ್ತು ಧಾನ್ಯದ ದಾಸ್ತಾನು’ ಎಂದು ಬರೆಯಲಾಗಿತ್ತು. ಅಂದಿನ ಕಟ್ಟಡ ವೆಚ್ಚದ ಮೇಲೆ ಒಂದು ಮೊತ್ತವನ್ನು ನಿಗದಿಪಡಿಸಲಾಗಿತ್ತು. ಪ್ರತಿವರ್ಷ ಏಜೆಂಟರು ಫೋನ್ ಮಾಡಿದಾಗ ಅದೇ ಮೊತ್ತಕ್ಕೆ ಕಂತು ಕಟ್ಟಿ, ಬಂದ ಪತ್ರವನ್ನು ತೆರೆಯದೆಯೇ ಕಪಾಟಿನಲ್ಲಿಡುತ್ತಿದ್ದೆ.

2018ರ ಏಪ್ರಿಲ್‌ನ ಒಂದು ರಾತ್ರಿ ಆ ಗೋದಾಮು ಸುಟ್ಟಿತು. ದೈವಕೃಪೆಯಿಂದ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಮರುದಿನ ಹೋಗಿ ನೋಡಿದಾಗಲೇ ನನಗೆ ತಿಳಿದದ್ದು: ಹಿಂದಿನ ವರ್ಷ ಬಾಡಿಗೆದಾರರು ಗೋದಾಮಿನ ಅರ್ಧ ಭಾಗವನ್ನು ತಮ್ಮ ಸಂಬಂಧಿಕರೊಬ್ಬರಿಗೆ ಗಾದಿ ಹೊಲಿಯುವ ಕೆಲಸಕ್ಕೆ ಕೊಟ್ಟಿದ್ದರು. ಹತ್ತಿ ಹಿಂಜುವ ಒಂದು ಮೋಟಾರು ಯಂತ್ರವನ್ನೂ ಅಲ್ಲಿ ಕೂರಿಸಿದ್ದರು. ಬೆಂಕಿ ಹುಟ್ಟಿದ್ದು ಅದರ ತಂತಿಯಲ್ಲಿ. ಹಬ್ಬಿದ್ದು ಹತ್ತಿಯ ರಾಶಿಗೆ. ಎಂಟು ತಿಂಗಳಿಂದ ನಾನು ನನ್ನದೇ ಕಟ್ಟಡದತ್ತ ಹಾಯ್ದಿರಲಿಲ್ಲ.

ಮೂರನೆಯ ದಿನ ಬಂದ ಸರ್ವೇಯರ್ ಎರಡೇ ಪ್ರಶ್ನೆ ಕೇಳಿದರು. ಇಲ್ಲಿ ನಡೆಯುತ್ತಿದ್ದ ಉದ್ಯೋಗ ಯಾವುದು? ಇಂದು ಈ ಕಟ್ಟಡವನ್ನು ಮತ್ತೆ ಕಟ್ಟಲು ಎಷ್ಟು ವೆಚ್ಚವಾಗುತ್ತದೆ? ಎರಡಕ್ಕೂ ನನ್ನ ವಿಮಾ ಪತ್ರದಲ್ಲಿದ್ದ ಉತ್ತರ ತಪ್ಪಾಗಿತ್ತು. ಒಂಬತ್ತು ತಿಂಗಳ ಪತ್ರ ವ್ಯವಹಾರದ ತರುವಾಯ ನನಗೆ ದೊರೆತದ್ದು ದುರಸ್ತಿ ವೆಚ್ಚದ ಅರ್ಧಕ್ಕಿಂತ ಕಡಿಮೆ. ಬಾಡಿಗೆ ಅಷ್ಟೂ ತಿಂಗಳು ನಿಂತುಹೋಯಿತು. ಬಾಡಿಗೆದಾರರು ಬೇರೆ ಮಳಿಗೆ ನೋಡಿಕೊಂಡರು. ಅವರ ಸರಕಿಗೆ ಬ್ಯಾಂಕಿನ ಮೂಲಕ ಮಾಡಿಸಿದ್ದ ವಿಮೆಯ ಹಣ ಅವರಿಗೆ ನನಗಿಂತ ಮೊದಲೇ ಬಂದಿತು.

ಕಂಪನಿಯನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ನಾನು ತಿಳಿಸಿದ್ದ ಕಟ್ಟಡ ಬೇರೆ, ಸುಟ್ಟ ಕಟ್ಟಡ ಬೇರೆ ಎಂಬ ಅವರ ವಾದದಲ್ಲಿ ಹುರುಳಿತ್ತು.

ಮೂರು ತಪ್ಪು ತಿಳಿವಳಿಕೆಗಳು

ಈ ವಿಷಯವಾಗಿ ನಂತರದ ವರ್ಷಗಳಲ್ಲಿ ಅನೇಕ ಮಾಲೀಕರೊಡನೆ ಮಾತನಾಡಿದ್ದೇನೆ. ನಮ್ಮಲ್ಲಿ ಮೂರು ತಪ್ಪು ತಿಳಿವಳಿಕೆಗಳು ಬಲವಾಗಿ ಬೇರೂರಿವೆ.

ಮೊದಲನೆಯದು, ‘ಬಾಡಿಗೆದಾರನು ವಿಮೆ ಮಾಡಿಸಿದ್ದಾನೆ, ನನಗೇಕೆ?’ ಎಂಬುದು. ಬಾಡಿಗೆದಾರನ ವಿಮೆ ಅವನ ಸರಕು, ಅವನ ಯಂತ್ರ, ಅವನ ಪೀಠೋಪಕರಣಗಳಿಗೆ. ಯಾವ ವಸ್ತುವಿನ ನಾಶದಿಂದ ಯಾರಿಗೆ ಆರ್ಥಿಕ ನಷ್ಟವಾಗುವುದೋ ಅವರೇ ಅದಕ್ಕೆ ವಿಮೆ ಮಾಡಿಸಬೇಕೆಂಬುದು ವಿಮೆಯ ಮೂಲತತ್ತ್ವ. ಗೋಡೆ, ಛಾವಣಿ, ಬಾಗಿಲುಗಳು ಮಾಲೀಕನವು. ಅವುಗಳ ಚಿಂತೆಯೂ ಮಾಲೀಕನದೇ. ಕಟ್ಟಡಕ್ಕೆ ಸಾಲವಿದ್ದಲ್ಲಿ ಬ್ಯಾಂಕು ಮಾಡಿಸಿದ ವಿಮೆಯನ್ನೂ ಒಮ್ಮೆ ತೆಗೆದು ಓದಬೇಕು. ಅದು ಇಡೀ ಕಟ್ಟಡದ ಮೌಲ್ಯಕ್ಕೋ ಅಥವಾ ಉಳಿದ ಸಾಲದ ಮೊತ್ತಕ್ಕೆ ಮಾತ್ರವೋ ಎಂಬುದು ಓದದೆ ತಿಳಿಯುವುದಿಲ್ಲ. ಸಾಲ ತೀರಿದ ವರ್ಷವೇ ಆ ವಿಮೆ ನಿಂತುಹೋಗಿರುವ ಉದಾಹರಣೆಗಳೂ ಇವೆ.

ಎರಡನೆಯದು, ‘ಕಟ್ಟಡದಲ್ಲಿ ಯಾರಿದ್ದರೇನು, ಕಟ್ಟಡ ಅದೇ ಅಲ್ಲವೇ?’ ಎಂಬುದು. ವಿಮಾ ಕಂಪನಿಯು ಕಂತನ್ನು ನಿಗದಿಪಡಿಸುವುದು ಕಟ್ಟಡದ ಮೇಲಷ್ಟೇ ಅಲ್ಲ, ಅದರೊಳಗಿನ ಉದ್ಯೋಗದ ಮೇಲೆ. ಬಟ್ಟೆ ಅಂಗಡಿಯ ಅಪಾಯ ಬೇರೆ, ಬಣ್ಣದ ಅಂಗಡಿಯ ಅಪಾಯ ಬೇರೆ, ಹತ್ತಿ ಗೋದಾಮಿನ ಅಪಾಯ ಬೇರೆ. ಅಪಾಯ ಹೆಚ್ಚುವಂತೆ ಉದ್ಯೋಗ ಬದಲಾದರೆ ಹಾಗೂ ಅದಕ್ಕೆ ಕಂಪನಿಯ ಒಪ್ಪಿಗೆ ಪಡೆಯದಿದ್ದರೆ ರಕ್ಷಣೆ ನಿಲ್ಲುತ್ತದೆ ಎಂಬ ಷರತ್ತು ನನ್ನ ಹಳೆಯ ಬೆಂಕಿ ವಿಮಾ ಪತ್ರದಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಕಟ್ಟಡವು 30 ದಿನಗಳಿಗಿಂತ ಹೆಚ್ಚು ಕಾಲ ಖಾಲಿ ಉಳಿದರೂ ಹಾಗೆಯೇ ಎಂಬುದು ಅದರ ಪಕ್ಕದ ಸಾಲು. ಒಬ್ಬ ಬಾಡಿಗೆದಾರ ಬಿಟ್ಟು ಇನ್ನೊಬ್ಬ ಬರುವವರೆಗೆ ಎರಡು ಮೂರು ತಿಂಗಳು ಮಳಿಗೆ ಮುಚ್ಚಿರುವುದು ನಮ್ಮಲ್ಲಿ ಸಾಮಾನ್ಯ. ಆ ಅವಧಿಯಲ್ಲಿ ನಮ್ಮ ರಕ್ಷಣೆ ಏನಾಗುತ್ತದೆಂದು ನಾವು ವಿಚಾರಿಸುವುದೇ ಇಲ್ಲ. 2023ರ ಅಕ್ಟೋಬರ್ 7ರಂದು ಬೆಂಗಳೂರಿನ ಹೊರವಲಯದ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆ ಹೊತ್ತಿ ಉರಿದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ದೀಪಾವಳಿಯ ಮುನ್ನ ನಮ್ಮ ಪೇಟೆಗಳ ಬಾಡಿಗೆ ಗೋದಾಮುಗಳಲ್ಲಿ ಏನು ತುಂಬಿದೆಯೆಂದು ನಮ್ಮಲ್ಲಿ ಎಷ್ಟು ಜನ ಹೋಗಿ ನೋಡುತ್ತೇವೆ?

ಮೂರನೆಯದು ಮೊತ್ತದ ವಿಷಯ. ಕೆಲವರು ನಿವೇಶನದ ಬೆಲೆಯನ್ನೂ ಸೇರಿಸಿ ವಿಮೆ ಮಾಡಿಸುತ್ತಾರೆ. ಭೂಮಿ ಸುಡುವುದಿಲ್ಲವಾದ್ದರಿಂದ ಅದಕ್ಕೆ ಕಟ್ಟಿದ ಕಂತು ವ್ಯರ್ಥ. ಇನ್ನು ಕೆಲವರು ಹತ್ತು ವರ್ಷ ಹಳೆಯ ವೆಚ್ಚಕ್ಕೇ ಅಂಟಿಕೊಳ್ಳುತ್ತಾರೆ. ಅದು ಇನ್ನೂ ಅಪಾಯಕರ. ಸರಾಸರಿ ನಿಯಮವೆಂದು ಕರೆಯುವ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ಕಟ್ಟಡವನ್ನು ಮತ್ತೆ ಕಟ್ಟಲು 20 ಲಕ್ಷ ರೂ. ಬೇಕು, ವಿಮೆ ಮಾಡಿಸಿದ್ದು 10 ಲಕ್ಷಕ್ಕೆ. ಬೆಂಕಿಯಿಂದ ಆದ ನಷ್ಟ 4 ಲಕ್ಷ. ‘ನನ್ನ ವಿಮೆ 10 ಲಕ್ಷದ್ದು, ನಷ್ಟ 4 ಲಕ್ಷ, ಪೂರ್ತಿ ಸಿಗುತ್ತದೆ’ ಎಂದು ಮಾಲೀಕ ಭಾವಿಸುತ್ತಾನೆ. ಕಂಪನಿಯ ಲೆಕ್ಕದಲ್ಲಿ ಅವನು ಅರ್ಧ ಕಟ್ಟಡಕ್ಕೆ ಮಾತ್ರ ವಿಮೆ ಮಾಡಿಸಿದ್ದಾನೆ. ಆದ್ದರಿಂದ ನಷ್ಟದ ಅರ್ಧ, ಅಂದರೆ 2 ಲಕ್ಷ ಮಾತ್ರ ಸಲ್ಲುತ್ತದೆ.

ಕಾನೂನು ಏನು ಹೇಳುತ್ತದೆ?

ಸ್ವತ್ತು ವರ್ಗಾವಣೆ ಕಾಯ್ದೆ 1882ರ 108ನೆಯ ಕಲಮನ್ನು ಬಾಡಿಗೆ ಕಟ್ಟಡವಿರುವ ಪ್ರತಿಯೊಬ್ಬರೂ ಒಮ್ಮೆ ಓದಬೇಕು. ಬೆಂಕಿ, ಬಿರುಗಾಳಿ ಅಥವಾ ಪ್ರವಾಹದಿಂದ ಸ್ವತ್ತಿನ ಮುಖ್ಯ ಭಾಗ ನಾಶವಾದರೆ ಅಥವಾ ಯಾವ ಉದ್ದೇಶಕ್ಕೆ ಕೊಟ್ಟಿತ್ತೋ ಅದಕ್ಕೆ ಶಾಶ್ವತವಾಗಿ ಅಯೋಗ್ಯವಾದರೆ ಬಾಡಿಗೆದಾರನು ತನ್ನ ಇಚ್ಛೆಯಂತೆ ಗೇಣಿಯನ್ನು ಕೊನೆಗೊಳಿಸಬಹುದು; ಹಾನಿಗೆ ಅವನದೇ ತಪ್ಪು ಕಾರಣವಾಗಿದ್ದರೆ ಮಾತ್ರ ಈ ಹಕ್ಕಿಲ್ಲ. ಅಂದರೆ ವಿಪತ್ತಿನ ಮರುದಿನ ಬಾಡಿಗೆದಾರನು ಹೊರಗೆ ನಡೆಯಬಹುದು. ಮಾಲೀಕನು ಬೂದಿಯೊಡನೆ ಉಳಿಯುತ್ತಾನೆ. ಕರಾರಿನಲ್ಲಿ ನಿಷೇಧವಿಲ್ಲದಿದ್ದರೆ ಬಾಡಿಗೆದಾರನು ಸ್ವತ್ತಿನ ಭಾಗವನ್ನು ಒಳಬಾಡಿಗೆಗೆ ಕೊಡಬಹುದು ಎಂದೂ ಅದೇ ಕಲಮು ಹೇಳುತ್ತದೆ. ಕೊಟ್ಟ ಉದ್ದೇಶ ಬಿಟ್ಟು ಬೇರೆ ಉದ್ದೇಶಕ್ಕೆ ಬಳಸಬಾರದೆಂದೂ ಅದರಲ್ಲಿದೆ. ಆದರೆ ಆ ಉದ್ದೇಶವೇನೆಂದು ಎಲ್ಲಿಯೂ ಬರೆಯದಿದ್ದರೆ ಸಾಬೀತುಪಡಿಸುವುದು ಹೇಗೆ?

ಇಲ್ಲಿ ನಾವು ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಈ ನಿಯಮಗಳೆಲ್ಲವೂ ಉಭಯತರ ನಡುವೆ ಬೇರೆ ಕರಾರು ಇಲ್ಲದಿದ್ದಾಗ ಅನ್ವಯಿಸುತ್ತವೆ. ಕರಾರಿನಲ್ಲಿ ಬರೆದರೆ ಅದು ನಡೆಯುತ್ತದೆ. ಬರೆಯದಿದ್ದರೆ 1882ರ ಕಾಯ್ದೆ ನಡೆಯುತ್ತದೆ. ಆದ್ದರಿಂದಲೇ ವಿಮಾ ಪತ್ರವೂ ಬಾಡಿಗೆ ಕರಾರು ಪತ್ರವೂ ಒಂದು ಜೋಡಿ ಎತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಎತ್ತಿನಿಂದ ಗಾಡಿ ಹೂಡಲಾಗದು.

ಇಂದು ದೊರೆಯುವ ವಿಮೆಗಳು

ನನ್ನ ಗೋದಾಮು ಸುಟ್ಟ ಕಾಲಕ್ಕೂ ಇಂದಿಗೂ ಒಂದು ಒಳ್ಳೆಯ ಬದಲಾವಣೆಯಾಗಿದೆ. ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ ಹಳೆಯ ಬೆಂಕಿ ವಿಮೆಯ ಬದಲು ಮೂರು ಪ್ರಮಾಣಿತ ವಿಮೆಗಳನ್ನು ಜಾರಿಗೆ ತಂದಿತು. ವಾಸದ ಮನೆಗಳಿಗೆ ‘ಭಾರತ್ ಗೃಹ ರಕ್ಷಾ’. ಒಂದು ಸ್ಥಳದಲ್ಲಿನ ಒಟ್ಟು ಮೌಲ್ಯ 5 ಕೋಟಿ ರೂ. ವರೆಗಿನ ಅಂಗಡಿ, ಗೋದಾಮು, ಕಾರ್ಖಾನೆಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’. ಅದಕ್ಕೂ ಮೇಲ್ಪಟ್ಟು 50 ಕೋಟಿ ರೂ. ವರೆಗೆ ‘ಭಾರತ್ ಲಘು ಉದ್ಯಮ ಸುರಕ್ಷಾ’. ಯಾವ ಸಾಮಾನ್ಯ ವಿಮಾ ಕಂಪನಿಗೆ ಹೋದರೂ ಇವುಗಳ ಮೂಲ ಷರತ್ತುಗಳು ಒಂದೇ. ಕಂತಿನ ದರ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ. 2007ರ ಜನವರಿಯಲ್ಲಿ ಏಕರೂಪ ದರಪಟ್ಟಿ ರದ್ದಾದಂದಿನಿಂದ ಎರಡು ಮೂರು ಕಡೆ ವಿಚಾರಿಸಿ ದರ ಕೇಳುವ ಹಕ್ಕು ನಮಗಿದೆ.

ವಾಸಕ್ಕೆಂದು ಬಾಡಿಗೆಗೆ ಕೊಟ್ಟ ಮನೆಗಳಿಗೆ ಗೃಹ ರಕ್ಷಾ ವಿಮೆಯಲ್ಲಿ ಮೂರು ಅನುಕೂಲಗಳಿವೆ. ಒಂದು, ಮನೆಯ ವಿಸ್ತೀರ್ಣ ಮತ್ತು ಇಂದಿನ ಕಟ್ಟಡ ವೆಚ್ಚವನ್ನು ಸರಿಯಾಗಿ ತಿಳಿಸಿದರೆ ಮೇಲೆ ಹೇಳಿದ ಸರಾಸರಿ ಕಡಿತ ಇಲ್ಲಿಲ್ಲ. ಎರಡು, ವಿಮೆಗೊಳಪಟ್ಟ ಅವಘಡದಿಂದ ಮನೆ ವಾಸಕ್ಕೆ ಅಯೋಗ್ಯವಾದರೆ ಮಾಲೀಕನು ಕಳೆದುಕೊಳ್ಳುವ ಬಾಡಿಗೆಗೂ ರಕ್ಷಣೆಯಿದೆ. ಮೂರನೆಯದು ನಮ್ಮ ಅರಣ್ಯದ ಅಂಚಿನ ಊರುಗಳಿಗೆ ಮಹತ್ತ್ವದ್ದು: ಹಳೆಯ ಬೆಂಕಿ ವಿಮೆಯಲ್ಲಿ ಕಾಡ್ಗಿಚ್ಚು ಮೂಲ ರಕ್ಷಣೆಯಿಂದ ಹೊರಗಿತ್ತು, ಹೊಸ ವಿಮೆಯಲ್ಲಿ ಅದು ಒಳಗಿದೆ. ಮರ ಬಿದ್ದು ಆಗುವ ಹಾನಿ, ಭೂಕುಸಿತ, ಬಿರುಗಾಳಿ, ಪ್ರವಾಹಗಳೂ ಒಳಗಿವೆ. 2019ರ ಆಗಸ್ಟ್‌ನ ಮಹಾಮಳೆ, 2021ರ ಜುಲೈನಲ್ಲಿ ನೆರೆಯ ಯಲ್ಲಾಪುರ ತಾಲ್ಲೂಕಿನ ಕಳಚೆಯ ಭೂಕುಸಿತ, 2024ರ ಜುಲೈ 16ರ ಶಿರೂರು ದುರಂತಗಳನ್ನು ಕಂಡ ಜಿಲ್ಲೆಯವರಿಗೆ ಇವುಗಳ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಅಂಗಡಿ ಮತ್ತು ಗೋದಾಮುಗಳ ವಿಮೆಯಲ್ಲಿ ಸರಾಸರಿ ನಿಯಮ ಇನ್ನೂ ಇದೆ. ಆದರೆ 15 ಶೇಕಡಾವರೆಗಿನ ಕೊರತೆಯನ್ನು ಕಂಪನಿಯು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. 20 ಲಕ್ಷದ ಕಟ್ಟಡಕ್ಕೆ 17 ಲಕ್ಷದ ವಿಮೆಯಿದ್ದರೆ ಕಡಿತವಿಲ್ಲ. 10 ಲಕ್ಷದ್ದಿದ್ದರೆ ಇದೆ. ಬಾಡಿಗೆ ನಷ್ಟದ ರಕ್ಷಣೆಯನ್ನು ಇಲ್ಲಿ ಪ್ರತ್ಯೇಕವಾಗಿ ಕೇಳಿ, ಹೆಚ್ಚುವರಿ ಕಂತು ಕಟ್ಟಿ ಸೇರಿಸಿಕೊಳ್ಳಬೇಕು. ಕೇಳದವರಿಗೆ ಅದು ಸಿಗುವುದಿಲ್ಲ.

ಒಂದು ಎಚ್ಚರಿಕೆಯ ಮಾತು. ಗೃಹ ರಕ್ಷಾ ವಿಮೆ ವಾಸದ ಮನೆಗೆ ಮಾತ್ರ. ದಾಂಡೇಲಿ, ಜೋಯಿಡಾ ಕಡೆ ಪ್ರವಾಸಿಗರಿಗಾಗಿ ಹೋಮ್‌ಸ್ಟೇ ಆಗಿರುವ ಮನೆಗಳು, ಹಳಿಯಾಳದಲ್ಲಿ ವಿದ್ಯಾರ್ಥಿಗಳಿಗೆ ಊಟ ವಸತಿ ಸಹಿತ ಕೊಟ್ಟಿರುವ ಕಟ್ಟಡಗಳು, ಮುಂಭಾಗದ ಕೋಣೆಯಲ್ಲಿ ಗಿರಣಿ ಅಥವಾ ವೆಲ್ಡಿಂಗ್ ನಡೆಯುವ ಮನೆಗಳು, ಇವುಗಳ ಬಳಕೆಯನ್ನು ಇದ್ದದ್ದು ಇದ್ದಂತೆ ಬರೆದು ತಿಳಿಸಿ, ಯಾವ ವಿಮೆ ಸಲ್ಲುತ್ತದೆಂದು ಕಂಪನಿಯಿಂದ ಲಿಖಿತ ಉತ್ತರ ಪಡೆಯುವುದೇ ಕ್ಷೇಮ. ಕಡಿಮೆ ಕಂತಿನ ಆಸೆಗೆ ‘ವಾಸದ ಮನೆ’ ಎಂದು ಬರೆಸುವುದು ನಷ್ಟದ ದಿನ ಕಂಪನಿಗೆ ನಾವೇ ಕೊಡುವ ಆಯುಧ.

ವಿಮೆ ಏನನ್ನು ಕೊಡುವುದಿಲ್ಲ?

ಬಾಡಿಗೆದಾರನು ಬಾಡಿಗೆ ಕೊಡದೆ ಹೋದರೆ ಈ ವಿಮೆಗಳು ಅದನ್ನು ತುಂಬಿಕೊಡುವುದಿಲ್ಲ. ಅವಧಿ ಮುಗಿದರೂ ಬಿಡದೆ ಅಕ್ರಮವಾಗಿ ಕುಳಿತರೆ ಆ ನಷ್ಟಕ್ಕೂ ರಕ್ಷಣೆಯಿಲ್ಲ. ಹಂಚು ಸರಿದು ವರ್ಷಾನುಗಟ್ಟಲೆ ಸೋರಿ ಗೋಡೆ ನೆನೆದದ್ದು, ಗೆದ್ದಲು ತಿಂದ ತೊಲೆ, ಸುಣ್ಣ ಬಣ್ಣ ಕಾಣದ ಗೋಡೆಯ ಬಿರುಕು ಇವೆಲ್ಲ ಮಾಲೀಕನ ನಿರ್ವಹಣೆಯ ಹೊಣೆ. ವಿಮೆಯು ಅಕಸ್ಮಾತ್ತಿಗೆ, ಅಲಕ್ಷ್ಯಕ್ಕಲ್ಲ.

ಮೂರನೆಯವರಿಗೆ ಆಗುವ ಹಾನಿಯೂ ಮೂಲ ವಿಮೆಯಲ್ಲಿ ಸೇರಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ವಾಣಿಜ್ಯ ಕಟ್ಟಡವೊಂದು ಕುಸಿದು 19 ಮಂದಿ ಪ್ರಾಣ ಕಳೆದುಕೊಂಡದ್ದನ್ನು ನಾವು ಮರೆಯುವಂತಿಲ್ಲ. ನಮ್ಮ ಕಟ್ಟಡದಿಂದ ಗಿರಾಕಿಗೋ ದಾರಿಹೋಕನಿಗೋ ಗಾಯವಾದರೆ ಬರುವ ಕಾನೂನು ಹೊಣೆಗೆ ಸಾರ್ವಜನಿಕ ಹೊಣೆಗಾರಿಕೆ ವಿಮೆಯೆಂಬ ಬೇರೆಯೇ ವಿಮೆ ಬೇಕು. ಆದರೆ ದುರ್ಬಲ ಕಂಬ, ಅನುಮತಿಯಿಲ್ಲದ ಮಹಡಿಗಳಿಗೆ ಯಾವ ವಿಮೆಯೂ ಪ್ರಾಯಶ್ಚಿತ್ತವಲ್ಲ.

ನನ್ನನ್ನು ಹೆಚ್ಚು ನೋಯಿಸಿದ ಕಾಗದ

ಹಣ ಕಡಿಮೆ ಬಂದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸಿದ್ದು ಪರಿಹಾರದ ಚೆಕ್ಕಿನೊಡನೆ ಸಹಿಗಾಗಿ ಬಂದ ಒಂದು ಪತ್ರ. ಕಂಪನಿಯು ನನಗೆ ಹಣ ಕೊಟ್ಟ ಮೇಲೆ, ಹಾನಿಗೆ ಕಾರಣರಾದವರ ಮೇಲೆ ನನಗಿರುವ ವಸೂಲಿ ಹಕ್ಕೆಲ್ಲವೂ ಕಂಪನಿಗೆ ಸೇರುತ್ತದೆ ಎಂಬುದು ಅದರ ಸಾರ. ಇದು ವಿಮಾ ಕಾನೂನಿನ ಸ್ಥಾಪಿತ ತತ್ತ್ವ; ಸರ್ವೋಚ್ಚ ನ್ಯಾಯಾಲಯವೂ 2010ರಲ್ಲಿ ಚರಣ್ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಇದನ್ನು ವಿವರವಾಗಿ ಎತ್ತಿಹಿಡಿದಿದೆ. ಸರಳವಾಗಿ ಹೇಳುವುದಾದರೆ, ಹದಿನೈದು ವರ್ಷ ಒಂದೇ ಬಟ್ಟಲ ಚಹಾ ಹಂಚಿಕೊಂಡ ಮನುಷ್ಯನ ಮೇಲೆ ನನ್ನ ಹೆಸರಿನಲ್ಲಿ ದಾವೆ ಹೂಡಲು ನಾನು ಒಪ್ಪಿಗೆ ಕೊಡಬೇಕಿತ್ತು. ಸಹಿ ಹಾಕದಿದ್ದರೆ ಚೆಕ್ಕಿಲ್ಲ. ಸಹಿ ಹಾಕಿದೆ. ಕಂಪನಿಯು ಮುಂದೆ ದಾವೆ ಹೂಡಲಿಲ್ಲವೆಂಬುದು ನಿಜ. ಆದರೆ ಸಹಿ ಹಾಕಿದ ಸುದ್ದಿ ಸಾಂಬ್ರಾಣಿಗೆ ತಲುಪಿತು. ಇಂದಿಗೂ ಅವರು ಎದುರಾದರೆ ನಮಸ್ಕಾರ ಮಾಡುತ್ತಾರೆ. ಮೊದಲಿನಂತೆ ಕೂರಲು ಹೇಳುವುದಿಲ್ಲ.

ಈ ಸಂಕಟಕ್ಕೆ ಮೊದಲೇ ಪರಿಹಾರವಿತ್ತು. ಬಾಡಿಗೆದಾರನ ಹೆಸರನ್ನೂ ಕಟ್ಟಡದ ವಿಮಾ ಪತ್ರದಲ್ಲಿ ಸೇರಿಸಬಹುದಿತ್ತು. ಅಥವಾ ಬಾಡಿಗೆದಾರನ ಮೇಲಿನ ವಸೂಲಿ ಹಕ್ಕನ್ನು ಬಿಟ್ಟುಕೊಡುವ ಷರತ್ತನ್ನು ಪಾಲಿಸಿ ಕೊಡುವಾಗಲೇ ಕಂಪನಿಯಿಂದ ಕೇಳಬಹುದಿತ್ತು. ಅಥವಾ ಬಾಡಿಗೆದಾರನೇ ತನ್ನ ಹೊಣೆಗಾರಿಕೆಗೆ ಪ್ರತ್ಯೇಕ ವಿಮೆ ಮಾಡಿಸಬೇಕೆಂದು ಕರಾರಿನಲ್ಲಿ ಬರೆಯಬಹುದಿತ್ತು. ಅವಘಡವಾದ ಮೇಲೆ ‘ಹೋಗಲಿ ಬಿಡಿ’ ಎಂದು ಬಾಡಿಗೆದಾರನಿಗೆ ಬರೆದುಕೊಟ್ಟರೆ ನಮ್ಮ ಪರಿಹಾರಕ್ಕೇ ಸಂಚಕಾರ ಬರುತ್ತದೆ. ಔದಾರ್ಯವನ್ನೂ ಮುಂಚಿತವಾಗಿಯೇ ಬರೆದಿಡಬೇಕಾದ ಕಾಲವಿದು.

ಎರಡು ಆಕ್ಷೇಪಣೆಗಳು

‘ಸಾಂಬ್ರಾಣಿಯಂತಹ ಊರಿನಲ್ಲಿ ಬರುವ ಬಾಡಿಗೆಯೇ ಅಲ್ಪ, ಅದರಲ್ಲಿ ವಿಮೆಗೆಲ್ಲಿಂದ?’ ಎಂದು ಕೇಳುವವರಿದ್ದಾರೆ. ವಾಸದ ಮನೆಯ ಕಟ್ಟಡಕ್ಕೆ ಕಂತಿನ ದರ ಸಾಮಾನ್ಯವಾಗಿ ಪ್ರತಿ ಸಾವಿರ ರೂ. ಮೌಲ್ಯಕ್ಕೆ ಒಂದು ರೂಪಾಯಿಗಿಂತ ಕಡಿಮೆ; ಅದರ ಮೇಲೆ 18 ಶೇಕಡಾ ಜಿಎಸ್‌ಟಿ. ಅಂದರೆ 10 ಲಕ್ಷದ ಮನೆಗೆ ವರ್ಷಕ್ಕೆ ಒಂದು ಸಾವಿರದ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಗೋದಾಮಿಗೆ, ವಿಶೇಷವಾಗಿ ಹತ್ತಿಯಂತಹ ಸರಕಿಗೆ, ದರ ಇದಕ್ಕಿಂತ ಹೆಚ್ಚು. ಆದರೂ ಹನ್ನೆರಡು ತಿಂಗಳ ಬಾಡಿಗೆಯ ಮುಂದೆ ಅದು ದೊಡ್ಡ ಹೊರೆಯಲ್ಲ. ಆದಾಯ ತೆರಿಗೆಯಲ್ಲಿ ಇದಕ್ಕೆ ಪ್ರತ್ಯೇಕ ವಿನಾಯಿತಿ ಸಿಗುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ: ಮನೆ ಬಾಡಿಗೆ ಆದಾಯದಲ್ಲಿ 30 ಶೇಕಡಾ ಸಾರಾಸಗಟು ಕಡಿತವಿದ್ದು, ದುರಸ್ತಿ, ವಿಮೆಗಳೆಲ್ಲ ಅದರಲ್ಲೇ ಅಡಕ. ಇನ್ನು ಸರಕಾರದ ಪರಿಹಾರ. 2019ರ ಪ್ರವಾಹದ ನಂತರ ರಾಜ್ಯ ಸರಕಾರವು ಪೂರ್ಣವಾಗಿ ಹಾನಿಗೊಳಗಾದ ಮನೆಗಳಿಗೆ 5 ಲಕ್ಷ ರೂ. ಘೋಷಿಸಿತು. ಅದು ಸೂರು ಕಳೆದುಕೊಂಡವರಿಗೆ ನೆರಳು ಕೊಡುವ ಯೋಜನೆ. ಬಾಡಿಗೆ ಗೋದಾಮಿನ ಒಡೆಯರು ಅದನ್ನು ನಂಬಿ ಕೂರುವಂತಿಲ್ಲ.

‘ವಿಮಾ ಪತ್ರಗಳು ಇಂಗ್ಲಿಷಿನಲ್ಲಿರುತ್ತವೆ, ಓದುವುದು ಹೇಗೆ?’ ಎಂಬುದು ಎರಡನೆಯ ಆಕ್ಷೇಪಣೆ. ಇದು ನ್ಯಾಯವಾದದ್ದು. ನಾವು ಸಹಿ ಹಾಕುವ ಅರ್ಜಿಯಲ್ಲಿ ಏನಿದೆಯೆಂದು ನಮ್ಮ ಭಾಷೆಯಲ್ಲಿ ತಿಳಿಯುವ ಹಕ್ಕು ನಮಗಿದೆ. ಅರ್ಜಿಯನ್ನು ಏಜೆಂಟರಿಗೆ ಬಿಟ್ಟುಕೊಡದೆ, ಪ್ರತಿಯೊಂದು ಉತ್ತರವನ್ನೂ ಕೇಳಿ ತುಂಬಿಸಿ, ಒಂದು ಪ್ರತಿಯನ್ನು ಇಟ್ಟುಕೊಳ್ಳಬೇಕು. ವಿಮಾ ಕಾಯ್ದೆ 1938ರ 64ವಿಬಿ ಕಲಮಿನ ಪ್ರಕಾರ ಕಂತು ಕಂಪನಿಗೆ ಮುಂಗಡವಾಗಿ ಸಲ್ಲದೆ ರಕ್ಷಣೆ ಆರಂಭವಾಗುವುದಿಲ್ಲ. ಆದ್ದರಿಂದ ನಗದನ್ನು ಯಾರ ಕೈಗೋ ಕೊಟ್ಟು ಸುಮ್ಮನಾಗದೆ ಕಂಪನಿಯ ರಸೀದಿ ಪಡೆಯಬೇಕು. ಪರಿಹಾರದಲ್ಲಿ ಅನ್ಯಾಯವಾಯಿತೆಂದು ಅನ್ನಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಲೋಕಪಾಲರ ಕಚೇರಿಗೆ ಹೋಗಬಹುದು. ವ್ಯಕ್ತಿಗಳಷ್ಟೇ ಅಲ್ಲದೆ ಏಕಮಾಲೀಕತ್ವದ ಸಂಸ್ಥೆಗಳೂ ಸೂಕ್ಷ್ಮ ಉದ್ಯಮಗಳೂ 50 ಲಕ್ಷ ರೂ. ವರೆಗಿನ ತಗಾದೆಯನ್ನು ಶುಲ್ಕವಿಲ್ಲದೆ, ವಕೀಲರಿಲ್ಲದೆ ಅಲ್ಲಿ ಮಂಡಿಸಬಹುದು. 2018ರಲ್ಲಿ ನನಗೆ ಈ ದಾರಿಯ ಅರಿವಿರಲಿಲ್ಲ.

ನಮ್ಮ ಸಂಸ್ಥೆ ಮಾಡಬೇಕಾದದ್ದು

ಕೊನೆಯದಾಗಿ ಕೆಲವು ಸಲಹೆಗಳನ್ನು ಮುಂದಿಡುತ್ತೇನೆ. ಮೊದಲನೆಯದಾಗಿ, ನಮ್ಮ ಸಂಸ್ಥೆಯು ಕನ್ನಡದಲ್ಲಿ ಒಂದು ಮಾದರಿ ಬಾಡಿಗೆ ಕರಾರು ಪತ್ರವನ್ನು ನುರಿತ ವಕೀಲರಿಂದ ಸಿದ್ಧಪಡಿಸಿ ಸದಸ್ಯರಿಗೆ ಹಂಚಬೇಕು. ಅದರಲ್ಲಿ ಆರು ಅಂಶಗಳು ಇರಲೇಬೇಕು: ಕಟ್ಟಡವನ್ನು ಯಾವ ಉದ್ಯೋಗಕ್ಕೆ ಕೊಡಲಾಗಿದೆ, ಒಳಬಾಡಿಗೆ ಮತ್ತು ಉದ್ಯೋಗ ಬದಲಾವಣೆಗೆ ಲಿಖಿತ ಒಪ್ಪಿಗೆ ಕಡ್ಡಾಯ, ಕಟ್ಟಡದ ವಿಮೆ ಯಾರದು, ಸರಕಿನ ವಿಮೆ ಯಾರದು, ಅವಘಡವಾದರೆ ದುರಸ್ತಿಯವರೆಗೆ ಬಾಡಿಗೆಯ ಗತಿಯೇನು, ಮಾಲೀಕನು ಮೂರು ತಿಂಗಳಿಗೊಮ್ಮೆ ಕಟ್ಟಡವನ್ನು ನೋಡಿಬರುವ ಹಕ್ಕು. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಬೇಕೆಂಬುದನ್ನೂ ಅದರ ಮೇಲೆಯೇ ಅಚ್ಚು ಮಾಡಿಸಬೇಕು.

ಎರಡನೆಯದಾಗಿ, ಪ್ರತಿವರ್ಷ ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಮುನ್ನ, ಹಳಿಯಾಳದಲ್ಲಿ ಒಂದು ದಿನದ ಶಿಬಿರವನ್ನು ಏರ್ಪಡಿಸಿ, ಕಟ್ಟಡಗಳ ಇಂದಿನ ನಿರ್ಮಾಣ ವೆಚ್ಚವನ್ನು ಅಂದಾಜು ಮಾಡಲು ಎಂಜಿನಿಯರರನ್ನೂ, ದರ ತಿಳಿಸಲು ಎರಡು ಮೂರು ವಿಮಾ ಕಂಪನಿಗಳ ಪ್ರತಿನಿಧಿಗಳನ್ನೂ ಕರೆಸಬೇಕು. ಸಾಂಬ್ರಾಣಿಯ ಮಳಿಗೆದಾರನೊಬ್ಬನಿಗಾಗಿ ಕಂಪನಿಯವರು ಬರಲಿಕ್ಕಿಲ್ಲ. ನೂರು ಮಳಿಗೆದಾರರು ಒಂದೆಡೆ ಸೇರಿದರೆ ಬರುತ್ತಾರೆ. ಮೂರನೆಯದಾಗಿ, ವಿಮೆಯ ಅರ್ಜಿ ಮತ್ತು ಮುಖ್ಯ ಷರತ್ತುಗಳು ಕನ್ನಡದಲ್ಲಿ ದೊರೆಯಬೇಕೆಂದು ಕಂಪನಿಗಳನ್ನು ಸಂಸ್ಥೆಯ ಪರವಾಗಿ ಲಿಖಿತವಾಗಿ ಒತ್ತಾಯಿಸಬೇಕು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆ ನಮ್ಮ ಹಿರಿಯರದು. ನಾನು ಬಾವಿಯನ್ನು ಮೊದಲೇ ತೋಡಿದ್ದೆ; ಅದರಲ್ಲಿ ನೀರಿದೆಯೇ ಎಂದು ಒಂಬತ್ತು ವರ್ಷ ಇಣುಕಿ ನೋಡಿರಲಿಲ್ಲ. ಗೋದಾಮನ್ನು ಮತ್ತೆ ಕಟ್ಟಿಸಿದ್ದೇನೆ. ಹೊಸ ಬಾಡಿಗೆದಾರರೊಡನೆ ಎರಡು ಪುಟದ ಕರಾರು ಪತ್ರವಿದೆ, ವಿಮಾ ಪತ್ರದಲ್ಲಿ ಅವರ ಹೆಸರೂ ಇದೆ. ಪ್ರತಿ ಯುಗಾದಿಯ ನಂತರದ ವಾರ ಇಬ್ಬರೂ ಕೂತು ಅದನ್ನು ಒಮ್ಮೆ ಓದುತ್ತೇವೆ. ಸದಸ್ಯ ಬಾಂಧವರು ಈ ಸಂಚಿಕೆಯನ್ನು ಓದಿ ಮುಗಿಸಿದೊಡನೆ ತಮ್ಮ ಕಪಾಟಿನಲ್ಲಿರುವ ವಿಮಾ ಪತ್ರವನ್ನು ಹೊರತೆಗೆದು, ಅದರಲ್ಲಿ ಬರೆದಿರುವ ಉದ್ಯೋಗವೂ ಕಟ್ಟಡದಲ್ಲಿ ಇಂದು ನಡೆಯುತ್ತಿರುವ ಉದ್ಯೋಗವೂ ಒಂದೇ ಆಗಿವೆಯೇ ಎಂದು ನೋಡಿದರೆ ಈ ಲೇಖನದ ಉದ್ದೇಶ ಸಫಲವಾದಂತೆ.